ಇಡ್ಲಿ ಪಾತ್ರೆಯಲ್ಲಿ ಬೆಂದ ಹುಲ್ಲು

ಆ ಪಾತ್ರೆಯನ್ನು ನಾನು ವಾಪಸು ಕೊಟ್ಟದ್ದು ಶುಕ್ರವಾರವೋ ಶನಿವಾರವೋ ಎಂಬುದು ನನಗೆ ಖಚಿತವಿಲ್ಲ. ಶನಿವಾರ ಸಂಜೆ ಎಂದು ನನ್ನ ನೆನಪು ಹೇಳುತ್ತದೆ. ಕಾರಿನ ಹಿಂದಿನ ಸೀಟಿನಲ್ಲಿ ಪಾತ್ರೆ ಮಲಗಿತ್ತು, ಅದಕ್ಕೆ ಸೀಟ್ ಬೆಲ್ಟ್ ಹಾಕಿದ್ದೆ, ಫ್ಲೈಓವರ್ ಇಳಿಯುವಾಗ ಮುಚ್ಚಳ ಢಣ್ ಎಂದಿತು, ಬೀದಿದೀಪ ಆಗತಾನೇ ಹೊತ್ತಿಕೊಂಡಿತ್ತು. ಇಷ್ಟೊಂದು ವಿವರ ನೆನಪಿರುವುದರಿಂದಲೇ ನನಗೆ ಅನುಮಾನ. ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟವನು ನಾನು. ವಿವರ ಹೆಚ್ಚಿದ್ದಷ್ಟೂ ಸಾಕ್ಷಿ ಗಟ್ಟಿ ಎಂದು ಬರೆದ ಹುಡುಗರಿಗೆ ಅಂಕ ಕಳೆಯುತ್ತಿದ್ದೆ. ಹೆಂಡತಿಯ ಪ್ರಕಾರ ಅದು ಶುಕ್ರವಾರ. ಅವಳು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ಅವಳ ಹತ್ತಿರ ಯಾವ ವಿವರವೂ ಇಲ್ಲ. "ಶುಕ್ರವಾರ. ನನಗೆ ಗೊತ್ತು" ಎಂದಷ್ಟೇ ಹೇಳುತ್ತಾಳೆ, ಫೈಲಿನ ಮೇಲೆ ಸಹಿ ಹಾಕಿದ ಹಾಗೆ.

ಶನಿವಾರವಾದರೆ ನಾನು ನಿರಪರಾಧಿ. ಶುಕ್ರವಾರವಾದರೆ, ದಮ್ಮು ರೋಗವಿದ್ದ ಒಂದು ಮುದಿ ಕುದುರೆಗೆ ಬೇಕೆಂದೇ ಕೆಮ್ಮು ಬರಿಸಿದವನು.

ಕುದುರೆಗೂ ಪಾತ್ರೆಗೂ ಏನು ಸಂಬಂಧ ಎಂಬುದನ್ನು ಮೊದಲಿನಿಂದ ಹೇಳಬೇಕು. ದೆಹಲಿಯ ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಿಂದ ಇಪ್ಪತ್ತು ನಿಮಿಷ ದೂರದಲ್ಲಿ, ನೊಯ್ಡಾ ಕಡೆಯ ಯಮುನೆಯ ಬಯಲಲ್ಲಿ, ಗಿಡಗಳ ನರ್ಸರಿಗಳಿಗೂ ಮೂಲಂಗಿ ಹೊಲಗಳಿಗೂ ನಡುವೆ ಒಂದು ಪುಟ್ಟ ಸವಾರಿ ಶಾಲೆ. ಮಗಳನ್ನು ಅಲ್ಲಿಗೆ ಸೇರಿಸಿದೆವು. ಮೂರನೆಯ ವಾರ ಅವಳು ಬೂಟು ಬಿಚ್ಚಿ ಮೂಲೆಗೆಸೆದು, "ಅಪ್ಪಾ, ಇಟ್ಸ್ ಸೋ ಬೋರಿಂಗ್. ನನಗೆ ಕೊಟ್ಟಿರೋ ಘೋಡಾ ನಡೆಯೋದೇ ಇಲ್ಲ, ಬಸ್ ಕೆಮ್ತಾನೇ ರಹ್ತಾ ಹೈ" ಎಂದಳು. ಒಂದೇ ಉಸಿರಿಗೆ ಮೂರು ಭಾಷೆ. ಆದರೂ ಕುದುರೆಯ ಕಾಯಿಲೆಯನ್ನು ಮೊದಲು ಸರಿಯಾಗಿ ಗುರುತಿಸಿದವಳು ಅವಳೇ. ಅವಳು ಹೋಗುವುದನ್ನು ಬಿಟ್ಟಳು. ನಾನು ಬಿಡಲಿಲ್ಲ. ಶಾಲೆಯ ಒಡತಿ ನನ್ನ ನೆರವು ಕೇಳಿದ್ದರಿಂದ ಹೋಗುತ್ತಿದ್ದೆ ಎಂಬುದು ನನ್ನ ನೆನಪು. ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ದಿನವಿಡೀ ಫ್ರಿಜ್ಜಿನ ಬಾಗಿಲು ತೆಗೆದು ಮುಚ್ಚುತ್ತಿದ್ದ ನನ್ನನ್ನು ನೋಡಲಾರದೆ, "ಎಲ್ಲಾದರೂ ಹೋಗಿ, ಕುದುರೆಯನ್ನಾದರೂ ನೋಡ್ಕೊಳ್ಳಿ" ಎಂದು ತಾನೇ ಅಟ್ಟಿದ್ದಾಗಿ ಹೆಂಡತಿ ಹೇಳುತ್ತಾಳೆ. ಎರಡೂ ನಿಜವಿರಬಹುದು.

ಅದು ಕಾಬ್ ಜಾತಿಯ ಕುದುರೆ. ಜಾತಿ ಎನ್ನುವುದೂ ತಪ್ಪು. ಕಾಬ್ ಎಂಬುದು ಒಂದು ಮೈಕಟ್ಟು. ಗಿಡ್ಡ ಕಾಲು, ದಪ್ಪ ಕುತ್ತಿಗೆ, ಅಗಲವಾದ ಬೆನ್ನು. ಸರ್ಕಾರಿ ಕಚೇರಿಯ ಉಕ್ಕಿನ ಬೀರುವನ್ನು ಅಡ್ಡ ಮಲಗಿಸಿ ನಾಲ್ಕು ಕಾಲು ಜೋಡಿಸಿ ಮೇಲೆ ಕಂಬಳಿ ಹೊದಿಸಿದರೆ ಹೇಗಿರುತ್ತದೋ ಹಾಗಿತ್ತು. ಬೂದು ಬಣ್ಣದ್ದು ಮುಪ್ಪಿನಲ್ಲಿ ಪೂರ್ತಿ ಬೆಳ್ಳಗಾಗಿತ್ತು. ದೇಶ ಬಿಟ್ಟು ಹೋಗುವಾಗ ಯಾರೋ ವಿದೇಶೀಯರು ಬಿಟ್ಟುಹೋದದ್ದು ಎಂದು ಒಡತಿ ಹೇಳುತ್ತಿದ್ದರು. ಅದರ ವಯಸ್ಸು ಅವರ ಲೆಕ್ಕದಲ್ಲಿ ಹದಿನೆಂಟು. ಅದನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದ ಲಾಯದಾಳಿನ ಲೆಕ್ಕದಲ್ಲಿ ಇಪ್ಪತ್ತೈದು. ಹಲ್ಲು ನೋಡಿದ ಪಶುವೈದ್ಯೆ, "ಇಪ್ಪತ್ತು ದಾಟಿದೆ, ಮುಂದೆ ಕೇಳಬೇಡಿ" ಎಂದರು.

ಆ ಲಾಯದಾಳನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಅರವತ್ತರ ಮೇಲಿನ ಸಣಕಲು ಮನುಷ್ಯ, ಬುಲಂದಶಹರ್ ಕಡೆಯವನು. ನನ್ನನ್ನು ಮಾಸ್ಟರ್‌ಜಿ ಎಂದು ಕರೆಯುತ್ತಿದ್ದ. ಅವನ ಹಿಂದಿಯನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವನ ಮಾತಿನ ಖಾರ ಸ್ವಲ್ಪ ಕಡಿಮೆಯಾಗಿರುತ್ತದೆ.

"ಇದಕ್ಕೆ ದಮಾ, ಮಾಸ್ಟರ್‌ಜಿ" ಎಂದ ಮೊದಲ ದಿನ. "ನನಗೂ ದಮಾ. ಈ ಶಹರಕ್ಕೇ ದಮಾ. ನೀವು ಹೊಸಬರು, ನಿಮಗಿನ್ನೂ ಗೊತ್ತಾಗಿಲ್ಲ."

ನಾನು ದೆಹಲಿಗೆ ಬಂದು ಮೂವತ್ತು ವರ್ಷವಾಯಿತು ಎಂದೆ.

"ಅಚ್ಛಾ. ಹಾಗಾದರೆ ಇಷ್ಟರಲ್ಲೇ ಗೊತ್ತಾಗುತ್ತೆ."

ಪಶುವೈದ್ಯೆ ಹೇಳಿದ್ದು ಸರಳವಾಗಿತ್ತು. ಒಣ ಹುಲ್ಲಿನಲ್ಲಿ ಕಣ್ಣಿಗೆ ಕಾಣದ ಬೂಸ್ಟು, ಧೂಳು ಇರುತ್ತವೆ. ಕುದುರೆ ದಿನವಿಡೀ ಅದರಲ್ಲಿ ಮೂಗಿಟ್ಟು ತಿನ್ನುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಗೋಧಿಹುಲ್ಲು ಕತ್ತರಿಸಿದ ಭೂಸಾ ಪೂರ್ತಿ ನಿಲ್ಲಿಸಬೇಕು. ಮಲಗಲು ಒಣಹುಲ್ಲಿನ ಬದಲು ನದಿಯ ಮರಳು ಹಾಸಬೇಕು. ಹಗಲೆಲ್ಲ ಬಯಲಲ್ಲಿ ಕಟ್ಟಬೇಕು. ತಿನ್ನುವ ಹುಲ್ಲನ್ನು ನೆನೆಸಬೇಕು, ಇಲ್ಲವೇ ಹಬೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಬೇಕು. "ಹವೆ ನನ್ನ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ. ಹುಲ್ಲು ಇದೆ" ಎಂದು ಹೇಳಿ, ಕುದುರೆಯ ಪಕ್ಕೆಯ ಏರಿಳಿತ ನೋಡಿ ಉಸಿರು ಎಣಿಸುವುದನ್ನು ನನಗೆ ಕಲಿಸಿ ಹೋದರು. ನಿಂತಲ್ಲೇ ನಿಮಿಷಕ್ಕೆ ಇಪ್ಪತ್ತೆಂಟು. ಅದರ ಅರ್ಧವಿರಬೇಕಂತೆ.

ನೆನೆಸಿದ ಹುಲ್ಲನ್ನು ಕುದುರೆ ಮುಟ್ಟಲಿಲ್ಲ. ಬಾಯಲ್ಲಿ ಕಚ್ಚಿ, ಎರಡು ಸಲ ಒದರಿ, ನನ್ನ ಷೂ ಮೇಲೆ ಬಿಟ್ಟಿತು. ಇನ್ನು ಹಬೆ. ಒಂದು ಕುದುರೆಗೆ ಸಾಲುವಷ್ಟು ಹುಲ್ಲನ್ನು ಹಬೆಯಲ್ಲಿ ಬೇಯಿಸುವ ಪಾತ್ರೆ ಎಲ್ಲಿ ಸಿಗುತ್ತದೆ ಎಂದು ಒಡತಿಯೂ ಚಾಚಾನೂ ತಲೆ ಕೆಡಿಸಿಕೊಂಡು ಕೂತಾಗ ನನಗೆ ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ. ದೆಹಲಿಯಲ್ಲಿ ಮೂವತ್ತು ವರ್ಷ ಕನ್ನಡಿಗನಾಗಿ ಬದುಕಿದ್ದರ ಪ್ರಯೋಜನ ನನಗೆ ಅಷ್ಟು ನೇರವಾಗಿ ಒದಗಿದ್ದು ಅದೊಂದೇ ಸಲ. ನಮ್ಮ ಬಡಾವಣೆಯ ಕನ್ನಡ ಬಳಗದಲ್ಲಿ ಒಮ್ಮೆಗೆ ನೂರಿಪ್ಪತ್ತು ಇಡ್ಲಿ ಬೇಯುವ ಅಲ್ಯುಮಿನಿಯಂ ಪಾತ್ರೆಯೊಂದಿತ್ತು. ನನ್ನ ಸೊಂಟದೆತ್ತರ. ತಟ್ಟೆಗಳನ್ನು ತೆಗೆದು ತಳದ ತೂತಿನ ಹಲಗೆಯನ್ನು ಮಾತ್ರ ಉಳಿಸಿದರೆ ಪಶುವೈದ್ಯೆ ಹೇಳಿದ ಯಂತ್ರ ಅದೇ.

ಪಾತ್ರೆ ಬಳಗದ ಕಾರ್ಯದರ್ಶಿಯ ಮನೆಯಲ್ಲಿತ್ತು. ಅವರು ನಿವೃತ್ತ ಅಂಡರ್ ಸೆಕ್ರೆಟರಿ. ಪಾತ್ರೆಗೆ ಅವರದೇ ನಿಯಮಗಳಿದ್ದವು.

"ಏನು ಮಾಡೋಕೆ?" ಎಂದು ಕೇಳಿದರು.

"ಹುಲ್ಲು ಬೇಯಿಸೋಕೆ."

ನಿವೃತ್ತಿಯಾದ ಮೇಲೆ ಮೇಷ್ಟರುಗಳಿಗೆ ಏನೇನೋ ಆಗುತ್ತದೆ ಎಂದು ಅವರಿಗೆ ಗೊತ್ತಿತ್ತು.

"ಈರುಳ್ಳಿ, ಬೆಳ್ಳುಳ್ಳಿ?"

"ಇಲ್ಲ ಸರ್. ಬರೀ ಹುಲ್ಲು."

"ಹಾಗಾದರೆ ಶುದ್ಧ ಸಸ್ಯಾಹಾರವೇ ಆಯ್ತು. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ವಾಪಸ್ ಬರಬೇಕು. ಈ ಸಲ ಹಾಲ್ ಸಿಕ್ಕಿರೋದು ತುಳಸಿ ಪೂಜೆ ಆದ ಮೇಲಿನ ಭಾನುವಾರ. ತಿಂಡಿ ಇಡ್ಲಿಯೇ. ನೆನಪಿರಲಿ."

ಬೆಳಗ್ಗೆ ಐದೂವರೆಗೆ ಲಾಯದ ಹೊರಗೆ, ಚಾಚಾನ ಗ್ಯಾಸ್ ಒಲೆಯ ಮೇಲೆ ಹುಲ್ಲು ಬೇಯತೊಡಗಿತು. ಆ ವಾಸನೆಯನ್ನು ನಾನು ಮರೆಯಲಾರೆ. ಆದರೆ ಮರೆಯಲಾರೆ ಎಂದವರ ಮಾತನ್ನು ನಂಬಬಾರದು. ಟೀ ಎಲೆ ಮತ್ತು ಒದ್ದೆ ಚಾಪೆಯ ನಡುವಿನ ಯಾವುದೋ ವಾಸನೆ. ಮುಚ್ಚಳ ತೆಗೆದಾಗ ಕುದುರೆ ಕುತ್ತಿಗೆ ಚಾಚಿ ಎರಡೂ ಮೂಗಿನ ಹೊಳ್ಳೆ ಅರಳಿಸಿತು. ತಿಂದಿತು. ಖಾಲಿ ಪಾತ್ರೆಯನ್ನು ಮೂತಿಯಿಂದ ತಳ್ಳಿ ಉರುಳಿಸಿತು. "ಇನ್ನೊಂದು ಪ್ಲೇಟ್ ಕೇಳ್ತಿದೆ" ಎಂದ ಚಾಚಾ.

ನನ್ನ ಸ್ವಭಾವಕ್ಕೆ ಅಷ್ಟರಲ್ಲಿ ಸಮಾಧಾನವಿಲ್ಲ. ಗುಣವಾದರೆ ಹಬೆಯಿಂದಲೇ ಆಯಿತೆಂದು ಹೇಗೆ ಹೇಳುವುದು? ಮರಳಿನಿಂದಲೂ ಆಗಿರಬಹುದು, ಬಯಲಿನಿಂದಲೂ. ಅದಕ್ಕೆ ಒಂದು ಪ್ರಯೋಗ ಹೂಡಿದೆ. ಮೂರು ದಿನ ಬೇಯಿಸಿದ ಹುಲ್ಲು, ಮೂರು ದಿನ ಬಿಸಿನೀರು ಚಿಮುಕಿಸಿದ ಹುಲ್ಲು. ಯಾವುದು ಯಾವುದೆಂದು ಕೆಮ್ಮು ಎಣಿಸುವ ಚಾಚಾನಿಗೆ ತಿಳಿಯಬಾರದು. ಪಕ್ಷಪಾತ ತಪ್ಪಬೇಕಲ್ಲ. ಗೋಣಿಚೀಲದಲ್ಲಿ ಮುಚ್ಚಿ ಕೊಡುತ್ತಿದ್ದೆ. ಚಾಚಾ ಚೀಲಕ್ಕೆ ಮೂಗು ಹಚ್ಚಿ, "ಇದು ನಿನ್ನೆಯ ಥರ ಅಲ್ಲ" ಎಂದು ಹೇಳಿ ಹಾಕುತ್ತಿದ್ದ. ನಾಲ್ಕನೆಯ ದಿನ, ಅವನ ಅಂಗಿಯ ಜೇಬಿನಿಂದ ಕುದುರೆ ಏನನ್ನೋ ತೆಗೆದು ತಿನ್ನುವುದನ್ನು ಕಂಡೆ. ಬೆಲ್ಲ, ಓಮ.

"ಚಾಚಾ, ನೀವು ಬೇರೆ ಔಷಧಿ ಕೊಟ್ಟರೆ ನನ್ನ ಪ್ರಯೋಗ ಕೆಡುತ್ತೆ" ಎಂದೆ.

"ಬೆಲ್ಲ ಔಷಧಿ ಅಲ್ಲ, ಮಾಸ್ಟರ್‌ಜಿ. ಅದು ಮರ್ಯಾದೆ."

"ಓಮ?"

"ಅದು ನನಗೆ. ಕುದುರೆಯೂ ತಿನ್ನುತ್ತೆ, ನಾನೇನು ಮಾಡಲಿ."

ಪ್ರಯೋಗ ಅಲ್ಲಿಗೆ ಮುಗಿಯಿತು. ಆದರೆ ಕೆಮ್ಮು ಇಳಿಯಿತು. ಐದು ವಾರಕ್ಕೆ ಉಸಿರು ಹದಿನಾಲ್ಕಕ್ಕೆ ಬಂತು. ದೀಪಾವಳಿಯ ಮರುದಿನ, ನಮ್ಮ ಮನೆಯ ಕಿಟಕಿಯಿಂದ ಎದುರಿನ ಕಟ್ಟಡ ಕಾಣದೇ ಹೋದ ಬೆಳಗ್ಗೆ ಮಾತ್ರ ಹದಿನೆಂಟಾಯಿತು. ಆ ದಿನ ನಾನು ನನ್ನದನ್ನೂ ಎಣಿಸಿದೆ, ಹೇಳುವುದಿಲ್ಲ. ಮೂರು ದಿನಕ್ಕೆ ಮತ್ತೆ ಹದಿನಾಲ್ಕು. ಕುದುರೆ ಒಂದು ಸುತ್ತು ಓಡಿತು ಕೂಡ, ಯಾರೂ ಹೇಳದೇ, ಒಂದು ಪ್ಲಾಸ್ಟಿಕ್ ಚೀಲಕ್ಕೆ ಹೆದರಿ. ನಾನು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. "ಸಂತೋಷ. ನಾಳೆಯಿಂದ ಫ್ರಿಜ್ಜಿನ ಹತ್ತಿರ ಬರ್ತೀರಾ ಮತ್ತೆ?" ಎಂದಳು.

ಒಡತಿಯೂ ಸಂತೋಷಪಟ್ಟರು. ಅವರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು, ಮಾತು ನೇರ. ತುಳಸಿ ಪೂಜೆಯ ಮರುದಿನ, ಬುಧವಾರ ಇರಬೇಕು, ನನ್ನನ್ನೂ ಚಾಚಾನನ್ನೂ ಕರೆದು ಟೀ ಕೊಟ್ಟರು.

"ಪ್ರೊಫೆಸರ್ ಸಾಹೇಬ್, ನೀವು ಕಮಾಲ್ ಮಾಡಿದಿರಿ. ಮದುವೆ ಸೀಸನ್ ಶುರುವಾಯಿತಲ್ಲ, ಬಾರಾತಿನ ಕುದುರೆಗಳನ್ನು ಇಟ್ಟಿರೋ ಒಬ್ಬ ಠೇಕೇದಾರ್ ಈ ಭಾನುವಾರ ಎಂಟು ಗಂಟೆಗೆ ನೋಡೋಕೆ ಬರ್ತಿದ್ದಾನೆ. ಅವನಿಗೆ ಬಿಳೀ ಕುದುರೆ ಬೇಕು. ಕೆಮ್ಮಿರಬಾರದು ಅಂದಿದ್ದ. ಈಗ ಇಲ್ಲವಲ್ಲ."

ನಮಗೆ ತುಳಸಿಗಿಡದ ಮುಂದೆ ನೆಲ್ಲಿಕೊಂಬೆ ಇಟ್ಟು ದೀಪ ಹಚ್ಚುವ ಹಬ್ಬ; ದೆಹಲಿಗೆ ಅದು ನೂರಾರು ಬಾರಾತುಗಳು ಒಟ್ಟಿಗೆ ಬೀದಿಗಿಳಿಯುವ ಮುಹೂರ್ತ. ಮದುಮಗನನ್ನು ಹೊತ್ತ ಕುದುರೆ, ಎದುರಿಗೆ ಬ್ಯಾಂಡು, ಹಿಂದೆ ಜನರೇಟರ್ ಗಾಡಿಯ ಡೀಸೆಲ್ ಹೊಗೆ, ಎರಡು ಹೆಜ್ಜೆಗೊಮ್ಮೆ ಸಾವಿರ ಪಟಾಕಿಯ ಸರ, ಮೂರು ಗಂಟೆ ಕಾಲ. ಅದೇ ಹೊಗೆಯಲ್ಲಿ ಈ ಕುದುರೆ ಒಂದು ತಿಂಗಳೂ ಉಳಿಯುವುದಿಲ್ಲ. ಅದನ್ನು ಹೇಳಿದೆ. ಒಡತಿ ಕಪ್ಪು ಕೆಳಗಿಟ್ಟರು. "ಗೊತ್ತು. ಆದರೆ ಪಾಠಕ್ಕೆ ಬಾರದ ಕುದುರೆಯನ್ನು ಎಷ್ಟು ದಿನ ನಿಲ್ಲಿಸಿಕೊಳ್ಳಲಿ? ಕೆಮ್ಮುತ್ತಿದ್ದರೆ ಯಾರೂ ಒಯ್ಯುತ್ತಿರಲಿಲ್ಲ, ಇಲ್ಲೇ ಇರುತ್ತಿತ್ತು. ಈಗ ಕೇಳುವವರು ಬಂದಿದ್ದಾರೆ."

ಹೊರಗೆ ಬಂದ ಮೇಲೆ ಚಾಚಾ ಕುದುರೆಯ ಕಿವಿಯ ಹಿಂದೆ ಕೆರೆಯುತ್ತ ನಿಂತಿದ್ದ. ಆಮೇಲೆ, "ಬಹಳ ಚೆನ್ನಾಗಿ ಗುಣ ಮಾಡಿದಿರಿ, ಮಾಸ್ಟರ್‌ಜಿ" ಎಂದ. ನನ್ನ ಜೀವಮಾನದಲ್ಲಿ ಅಷ್ಟು ಕೆಟ್ಟ ಬೈಗುಳ ಯಾರಿಂದಲೂ ಕೇಳಿರಲಿಲ್ಲ.

ಇನ್ನು ಆ ಶುಕ್ರವಾರ ಮತ್ತು ಶನಿವಾರ. ಪಾತ್ರೆ ಭಾನುವಾರದ ತಿಂಡಿಗೆ ಬೇಕಿತ್ತು. ಶನಿವಾರ ಸಂಜೆ ಕೊಟ್ಟಿದ್ದರೆ, ಮಧ್ಯಾಹ್ನವೇ ಮರುದಿನದ ಹುಲ್ಲನ್ನೂ ಬೇಯಿಸಿ ಇಟ್ಟಿರುತ್ತಿದ್ದೆ. ಕುದುರೆ ಕೆಮ್ಮಲು ಕಾರಣವೇ ಇರಲಿಲ್ಲ. ಶುಕ್ರವಾರವೇ ಕೊಟ್ಟಿದ್ದರೆ ಎರಡು ದಿನ ಒಣ ಹುಲ್ಲು. ನಾನು ಮಧ್ಯಾಹ್ನ ಹುಲ್ಲು ಬೇಯಿಸಿದ್ದು ನೆನಪಿದೆ. ಆದರೆ ಐದು ವಾರಕ್ಕೂ ಹೆಚ್ಚು ಕಾಲ ದಿನಾ ಬೆಳಗ್ಗೆ, ಮಧ್ಯಾಹ್ನ ಎರಡು ಹೊತ್ತೂ ಬೇಯಿಸಿದ್ದೇನೆ. ಆ ನೆನಪು ಯಾವ ದಿನದ್ದೂ ಆಗಿರಬಹುದು. ಚಾಚಾನನ್ನು ಕೇಳಿದರೆ, "ನೀವು ಕೊಟ್ಟದ್ದನ್ನು ನಾನು ಹಾಕಿದೆ. ಯಾವುದು ಯಾವುದೆಂದು ನನಗೆ ತಿಳಿಯಬಾರದು ಅಂತ ನೀವೇ ಹೇಳಿದ್ದಿರಲ್ಲ" ಎಂದು ನೆಲ ನೋಡುತ್ತಾನೆ. ಕಾರ್ಯದರ್ಶಿಯವರು, "ನೀವು ಕೊಟ್ಟಾಗ ನಾನು ಮಲಗಿದ್ದೆ, ಮನೆಯವರು ತಗೊಂಡ್ರು" ಎಂದರು. ಅವರ ಮನೆಯವರು, "ವಾರ ಯಾರಿಗೆ ನೆನಪು? ಪಾತ್ರೆ ತೊಳೆದಿದ್ದು ನೆನಪಿದೆ" ಎಂದರು.

ಭಾನುವಾರ ಎಂಟಕ್ಕೆ ಠೇಕೇದಾರ್ ಬಂದ. ಮೀಸೆಗೆ ಬಣ್ಣ ಹಚ್ಚಿದ್ದ, ತೂಕದ ಆಸಾಮಿ. ಜತೆಗೆ ಒಬ್ಬ ಡೋಲಿನವನನ್ನೂ ಕರೆತಂದಿದ್ದ, ಸದ್ದಿಗೆ ಕುದುರೆ ಬೆದರುತ್ತದೋ ನೋಡಲು. ಕುದುರೆಯನ್ನು ಕಂಡು, "ಇದು ಘೋಡಿ ಅಲ್ಲವಲ್ಲ" ಎಂದು ಬಗ್ಗಿ ನೋಡಿದ. ಮದುಮಗ ಹೆಣ್ಣು ಕುದುರೆಯನ್ನೇ ಏರಬೇಕು ಎಂಬುದು ಇಲ್ಲಿಯ ಪದ್ಧತಿ. ನನ್ನಲ್ಲಿ ಒಂದು ಆಸೆ ಚಿಗುರಿತು. "ಇರಲಿ ಬಿಡಿ, ಜರಿಯ ಝೂಲು ಹೊದಿಸಿದ ಮೇಲೆ ಯಾರು ಬಗ್ಗಿ ನೋಡ್ತಾರೆ" ಎಂದು ಅವನೇ ಅದನ್ನು ಚಿವುಟಿದ.

ಡೋಲು ಶುರುವಾಯಿತು. ಕುದುರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. "ವಾಹ್" ಎಂದ ಠೇಕೇದಾರ್. ಚಾಚಾ ಅದನ್ನು ಒಂದು ಸುತ್ತು ನಡೆಸಿದ. ಎರಡನೆಯ ಸುತ್ತಿಗೆ ಕುದುರೆ ತಲೆ ತಗ್ಗಿಸಿತು, ಕುತ್ತಿಗೆ ನೀಡಿತು, ಮತ್ತು ಕೆಮ್ಮಿತು. ಒಂದಲ್ಲ. ಡೋಲಿನವನು ಕೈ ನಿಲ್ಲಿಸಿದ ಮೇಲೂ ಅದು ಕೆಮ್ಮುತ್ತಲೇ ಇತ್ತು, ಹೊಟ್ಟೆಯ ಕೆಳಗೆ ಗೆರೆ ಮೂಡುವಂತೆ. ಒಡತಿ ನನ್ನ ಕಡೆ ನೋಡಿದರು. ನಾನು ಚಾಚಾನ ಕಡೆ. ಚಾಚಾ ಆಕಾಶದ ಕಡೆ. ಠೇಕೇದಾರ್ ಕುದುರೆಯ ಹತ್ತಿರ ಹೋಗಿ, ಬೆನ್ನಿನ ಮೇಲೆ ಅಂಗೈ ಅಗಲಿಸಿ ಸವರಿ, ತಲೆ ಅಡ್ಡಡ್ಡ ಆಡಿಸಿ, "ನಹೀ ಮೇಡಂ, ಇದು ನಮ್ಮ ಕೆಲಸಕ್ಕೆ ಬರಲ್ಲ" ಎಂದು ಹೊರಟುಹೋದ.

ಅಲ್ಲಿಂದ ನೇರ ರಾಜ್ಯೋತ್ಸವಕ್ಕೆ ಹೋದೆ. ಗೆದ್ದ ಸಂತೋಷಕ್ಕಿಂತ ಆ ಕೆಮ್ಮಿನ ಸದ್ದು ಹೆಚ್ಚು ತಲೆಯಲ್ಲಿತ್ತು. ತಟ್ಟೆಗೆ ಇಡ್ಲಿ ಬಿತ್ತು. ಮೂಗಿನ ಹತ್ತಿರ ತರುತ್ತಿದ್ದಂತೆ ಟೀ ಎಲೆ, ಒದ್ದೆ ಚಾಪೆ. ಜನಕಪುರಿಯಿಂದ ಎರಡು ಮೆಟ್ರೋ ಬದಲಿಸಿ ಬಂದಿದ್ದ ಹಿರಿಯರೊಬ್ಬರು ಕಣ್ಣು ಮುಚ್ಚಿ ಅಗಿಯುತ್ತ, "ಈ ಸಲದ ಇಡ್ಲಿಗೆ ಒಂದು ಘಮ ಇದೆ. ಎಲೆಯಲ್ಲಿ ಸುತ್ತಿ ಬೇಯಿಸಿದ್ದಾ?" ಎಂದು ವಿಚಾರಿಸಿದರು. ಕಾರ್ಯದರ್ಶಿಯವರು ದೂರದಿಂದ ನನ್ನನ್ನು ನೋಡಿ, "ಹೌದು, ಒಂಥರಾ ಎಲೆಯೇ" ಎಂದರು. ನಾನು ಆರು ಇಡ್ಲಿ ತಿಂದೆ. ಪ್ರಾಯಶ್ಚಿತ್ತಕ್ಕೋ ಹಸಿವಿಗೋ ಗೊತ್ತಿಲ್ಲ.

ಮರುದಿನ ಬೆಳಗ್ಗೆಯೇ ಪಾತ್ರೆಯನ್ನು ಮತ್ತೆ ಲಾಯಕ್ಕೆ ಒಯ್ದೆ. ಒಡತಿ ಬಂದು ಒಲೆಯ ಮುಂದೆ ನಿಂತರು. "ನೀವಿಬ್ಬರೂ ಏನು ಮಾಡಿದಿರಿ ಅಂತ ನಾನು ಕೇಳಲ್ಲ" ಎಂದರು. "ಇನ್ನು ಇದನ್ನು ಯಾರಿಗೂ ತೋರಿಸಲ್ಲ. ಆದರೆ ಇದರ ಹುಲ್ಲು, ಡಾಕ್ಟರು, ಎಲ್ಲಾ ನಿಮ್ಮದು. ಮಂಜೂರಾ?" ನಾನು ಮಂಜೂರು ಎಂದೆ. ಹೆಂಡತಿ ಇದನ್ನು ಬರವಣಿಗೆಯಲ್ಲಿ ಕೇಳಿದಳು. ಕೊಟ್ಟಿದ್ದೇನೆ.

ಉಸಿರು ಹದಿನಾಲ್ಕಕ್ಕೆ ಇಳಿಯಲು ಮತ್ತೆ ಹನ್ನೆರಡು ದಿನ ಹಿಡಿಯಿತು. ಅಷ್ಟೂ ದಿನ, ಒಂದೊಂದು ಕೆಮ್ಮಿಗೂ ನಾನೇ ಕಾರಣನೋ ಎಂದು ಯೋಚಿಸುತ್ತ ಎಣಿಸಿದೆ. ತಪ್ಪು ಮಾಡಿದ್ದರೆ ಒಪ್ಪಿಕೊಳ್ಳಬಹುದು. ಮಾಡಿದೆನೋ ಇಲ್ಲವೋ ಎಂದೇ ತಿಳಿಯದಿದ್ದರೆ ಯಾರ ಮುಂದೆ ಏನನ್ನು ಒಪ್ಪಿಕೊಳ್ಳುವುದು?

ಫೆಬ್ರುವರಿಯಲ್ಲಿ ಒಂದು ಮಧ್ಯಾಹ್ನ ಮಾರುಕಟ್ಟೆಯ ಹತ್ತಿರ ಆ ಠೇಕೇದಾರ್ ತನ್ನ ಕುದುರೆಗಳಿಗೆ ನೀರು ಕುಡಿಸುತ್ತಿದ್ದ. ನಾನೇ ಹೋಗಿ ಮಾತಾಡಿಸಿದೆ. ಆ ದಿನದ ಕೆಮ್ಮಿನ ಬಗ್ಗೆ ಕ್ಷಮೆ ಕೇಳುವ ಧಾಟಿಯಲ್ಲಿ ಏನೋ ಗೊಣಗಿದೆ.

"ಯಾವ ಕೆಮ್ಮು, ಭಾಯಿಸಾಬ್?" ಎಂದ. "ಇಗೋ, ನನ್ನ ಐದೂ ಕೆಮ್ಮುತ್ತವೆ. ನಾನೂ ಕೆಮ್ತೀನಿ. ಬ್ಯಾಂಡಿನ ಮುಂದೆ ಯಾರಿಗೆ ಕೇಳುತ್ತೆ? ಕೆಮ್ಮು ಅಂದಿದ್ದು ಮೇಡಂ ಹತ್ತಿರ ಸ್ವಲ್ಪ ಕಡಿಮೆಗೆ ಗಿಟ್ಟಿಸೋಕೆ. ನಾನು ಬೇಡ ಅಂದದ್ದು ಅದರ ಬೆನ್ನಿಗೆ."

"ಬೆನ್ನಿಗೇನಾಗಿದೆ?"

"ಅದು ಬೆನ್ನಾ? ಪಲ್ಲಂಗ. ಮದುಮಗ ಬಿಗಿಯಾದ ಚೂಡಿದಾರ್ ಪೈಜಾಮ ಹಾಕ್ಕೊಂಡು ಬರ್ತಾನೆ, ಕಾಲು ಎಷ್ಟು ಅಗಲಿಸಬಲ್ಲ? ಹಿಂದೊಮ್ಮೆ ಇಂಥದ್ದೇ ಒಂದು ಇಟ್ಟಿದ್ದೆ. ಹುಡುಗಿಯ ಮನೆ ಬಾಗಿಲಲ್ಲಿ, ಎರಡೂ ಕಡೆಯ ಬೀಗರ ಎದುರು, ಚರ್ರ್ ಅಂತ." ಅವನು ಎರಡು ಕೈಯನ್ನೂ ದೂರ ಎಳೆದು ತೋರಿಸಿದ. "ಆ ಮದುವೆಯವರು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ."

ಹಾಗಾದರೆ ಕುದುರೆ ಕೆಮ್ಮಿದ್ದರೂ ಕೆಮ್ಮದಿದ್ದರೂ ಅಲ್ಲೇ ಉಳಿಯುತ್ತಿತ್ತು. ಶುಕ್ರವಾರವೋ ಶನಿವಾರವೋ, ಕುದುರೆಯ ಮಾರಾಟಕ್ಕೆ ಅದರಿಂದ ವ್ಯತ್ಯಾಸವೇ ಆಗಲಿಲ್ಲ. ಆದದ್ದು ಅದರ ಶ್ವಾಸಕ್ಕೆ ಮಾತ್ರ. ಆದರೆ ಒಬ್ಬ ವ್ಯಾಪಾರಿಯ ಮಾತನ್ನು ಸುಮ್ಮನೆ ನಂಬುವುದು ಹೇಗೆ? ಸಹೋದ್ಯೋಗಿಯ ಮಗನ ಮದುವೆಗೆಂದು ಹೊಲಿಸಿದ್ದ ನನ್ನ ಚೂಡಿದಾರನ್ನು ಮರುದಿನ ಬೆಳಗ್ಗೆ ಹಾಕಿಕೊಂಡು ಲಾಯಕ್ಕೆ ಹೋದೆ. ಉಸಿರು ಎಣಿಸಿದೆ, ಹದಿಮೂರು. ಚಾಚಾ ಲಗಾಮು ಹಿಡಿದ. ಸ್ಟೂಲಿನ ಮೇಲೆ ನಿಂತು, ಬಲಗಾಲನ್ನು ಆ ಕಡೆ ಹಾಕಿ ಕೂತೆ. ಒಂದೇ ಪ್ರಯೋಗದಿಂದ ಏನೂ ಸಿದ್ಧವಾಗುವುದಿಲ್ಲವಾದ್ದರಿಂದ, ಮುಂದಿನ ವಾರ ಬೇರೆ ದರ್ಜಿಯ ಹತ್ತಿರ, ಒಂದಿಂಚು ಸಡಿಲವಾಗಿ ಇನ್ನೊಂದನ್ನು ಹೊಲಿಸಿ ಮತ್ತೆ ಕೂತೆ. ಎರಡೂ ಹರಿದವು, ಒಂದೇ ಜಾಗದಲ್ಲಿ.